ಎಡಗಡೆಯ ಬಲ್ಬು

ಕೂದಲಿಗಿಂತ ತೆಳು ತಂತಿ.
ಸೂಕ್ಷ್ಮದರ್ಶಕದಡಿ ಇಟ್ಟರೆ
ಮಕ್ಕಳು ಎಳೆದು ಹಾಳುಮಾಡಿದ ಸ್ಪ್ರಿಂಗಿನಂತೆ
ಸುರುಳಿ ಬಿಟ್ಟು ವಾಲಿದೆ.
ತಣ್ಣಗಿದ್ದದ್ದು ಏಟಿಗೆ ಪಟ್ಟನೆ ಮುರಿಯುತ್ತದೆ,
ಕಾದದ್ದು ಜಗ್ಗುತ್ತದೆ.
ಅಂದರೆ, ಉರಿಯುತ್ತಿತ್ತು.
ಇಷ್ಟೇ ನನ್ನ ವಿದ್ಯೆ, ಇಪ್ಪತ್ತೆರಡು ವರ್ಷದ್ದು.

ಜನವರಿ. ಬೆಳಗಿನ ಆರಕ್ಕೆ ಹತ್ತು ನಿಮಿಷ ಉಳಿದಿತ್ತು.
ಅಲೆಂತೆಜು ಬಯಲ ಮೇಲೆ
ಒದ್ದೆ ಸುಣ್ಣದ ಗೋಡೆಯಂಥ ಮಂಜು.
ಮುಂದೆ ಎವಾರಿಸ್ತೊನ ಬಿಳಿ ರೆನೊ,
ಹಿಂದೆ ಆಲಿವ್ ಹಿಂಡಿ ತುಂಬಿದ ಲಾರಿ.
ಬ್ರೇಕಿನ ಗುರುತು ಮೂವತ್ತೆಂಟು ಮೀಟರ್,
ಕೊನೆಯಲ್ಲೊಂದು ಸೊಟ್ಟ, ಅಲ್ಲಿ ತಾಗಿದ್ದು.
ಆಮೇಲೆ ಟಾರಿನ ಮೇಲೆ ಗೀರು, ಗಾಜು,
ಒಂದು ಎಡಗಾಲಿನ ಬೂಟು,
ಮತ್ತೆ ಆ ಓಕ್ ಮರ.

ಬಾಟಲಿಯ ಬಿರಡೆಗೆಂದು ಇಲ್ಲಿ ತೊಗಟೆ ಸುಲಿಯುತ್ತಾರೆ.
ಸುಲಿದ ವರ್ಷದ ಕೊನೆಯಂಕಿ
ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ.
ಒಂಬತ್ತು ವರ್ಷ ಆ ಮರವನ್ನು ಯಾರೂ ಮುಟ್ಟುವಂತಿಲ್ಲ.
ಇದರ ಮೇಲಿದ್ದದ್ದು ಏಳು.
ಆರನೆಯ ವರ್ಷಕ್ಕೇ ರೆನೊ ಬಂದು ಮುಟ್ಟಿತು.
ಗಾಯದ ಎತ್ತರ ಅಳೆದೆ: ಐವತ್ತೊಂದು ಸೆಂಟಿಮೀಟರ್.

ಝೆಫೆರಿನೊಗೆ ಇಪ್ಪತ್ತಾರು. ಕೈಯಲ್ಲಿ ಟೊಪ್ಪಿ ಹಿಂಡುತ್ತಲೇ ಹೇಳಿದ:
'ಸಿಗ್ನಲ್ ಇರಲಿಲ್ಲ. ದಾರಿ ನಡುವೆ ಸುಮ್ಮನೆ ನಿಂತುಬಿಟ್ಟ.'
ಸುಳ್ಳು ಹೇಳುತ್ತಿದ್ದಾನೆ ಅನಿಸಲಿಲ್ಲ ನನಗೆ.
ಮಿಣುಕುವ ದೀಪ ಅರ್ಧ ಹೊತ್ತು ಆರಿಯೇ ಇರುತ್ತದೆ.
ಅವನು ನೋಡಿದ್ದು ಆರಿದ ಅರ್ಧವನ್ನು,
ಗುದ್ದಿದ್ದು ಹೊತ್ತಿದ ಅರ್ಧವನ್ನು.
ಆದರೆ ಲಾರಿಯ ವೇಗ ಎಂಬತ್ತೆಂಟು.
ಆ ಮಂಜಿಗೆ ನಲವತ್ತೂ ಹೆಚ್ಚು.
ಬರೆದೆ. ಸಹಿ ಮಾಡಿದೆ.

ದೆಯೊಲಿಂದಾ ಕಚೇರಿಗೆ ಬಂದಳು,
ಕಪ್ಪು ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡು.
ತಪ್ಪು ಯಾರದೆಂದು ಕೇಳಲಿಲ್ಲ.
ನೋವಾಗಿರಬಹುದೇ ಎಂದೂ ಕೇಳಲಿಲ್ಲ;
ಅದಕ್ಕೊಂದು ಉತ್ತರ ಸಿದ್ಧಮಾಡಿಟ್ಟಿದ್ದೆ.
'ಎಡಕ್ಕೆ ಯಾಕೆ?' ಅಂದಳು. 'ಅಲ್ಲೇನಿದೆ?
ರೈಲು ನಿಂತು ಮೂವತ್ತು ವರ್ಷ.
ಹಾಳು ಸ್ಟೇಷನ್ನು, ಮುಳ್ಳು.'

ತಂತಿ ಉರಿಯುತ್ತಿತ್ತು ಅಂತ ಹೇಳಬಲ್ಲೆ.
ಯಾಕೆ ಉರಿಸಿದ ಅಂತ ತಂತಿಗೆ ಗೊತ್ತಿಲ್ಲ.

ಮಾರ್ಚಿಯ ಕೊನೆಗೆ ಒಂದು ಭಾನುವಾರ,
ಕಡತ ಮುಚ್ಚಿದ ಮೇಲೆ,
ಯಾರೂ ಕೇಳದೆ ಆ ಮಣ್ಣುದಾರಿಗೆ ತಿರುಗಿದೆ.
ಹಿಂದೆ ಮುಂದೆ ಯಾರಿಲ್ಲ; ಆದರೂ ಸಿಗ್ನಲ್ ಹಾಕಿದೆ.
ಟಿಕೆಟ್ ಕಿಟಕಿಯ ಹಿಂದೆ, ಬಿಸಿಲು ಬೀಳುವ ಕಡೆ,
ಕಳೆ ಕಿತ್ತು ಹದಮಾಡಿದ ಅಂಗೈಯಗಲ ನೆಲ.
ಕೋಲು ನೆಟ್ಟು ಹಬ್ಬಿಸಿದ ಬಟಾಣಿ,
ನೀರು ಕಾಣದೆ ಅರ್ಧ ಒಣಗಿ, ಆದರೂ ಕಾಯಿ ಕಟ್ಟಿ.
ಕೋಲಿಗೆ ಸುತ್ತಿದ್ದು ನೀಲಿ ಪ್ಲಾಸ್ಟಿಕ್ ದಾರ.

ಆ ದಾರ ನನಗೆ ಗೊತ್ತು.
ಡಿಕ್ಕಿಯ ವರದಿಯಲ್ಲಿ, ಡಿಕ್ಕಿಯೊಳಗೆ ಸಿಕ್ಕ ಸಾಮಾನಿನ ಪಟ್ಟಿ,
ಹದಿನಾಲ್ಕನೆಯದು: ನೀಲಿ ದಾರ, ಒಂದು ಉಂಡೆ.
ಪಕ್ಕದಲ್ಲಿ ನನ್ನದೇ ಕೈಬರಹ:
'ಪ್ರಕರಣಕ್ಕೆ ಸಂಬಂಧವಿಲ್ಲ.'

ಅಲ್ಲಿಂದಲೇ ಫೋನ್ ಮಾಡಿದೆ.
ಅಂಥ ದಾರ ಯಾವ ಅಂಗಡಿಯಲ್ಲೂ ಸಿಗುತ್ತದೆ,
ಇದು ಸಾಕ್ಷಿಯಲ್ಲ ಎಂದು ಎರಡೆರಡು ಸಲ ಹೇಳಿದೆ.
ಆ ಕಡೆ ಪಾತ್ರೆಯ ಸದ್ದು, ನಲ್ಲಿ ನಿಂತದ್ದು.
'ಅವನಿಗೆ ಬಟಾಣಿ ಕಂಡರಾಗದು,' ಅಂದಳು.
ಸ್ವಲ್ಪ ಹೊತ್ತಾದ ಮೇಲೆ:
'ನನಗೆ ಇಷ್ಟ.'

ಆಮೇಲೆ ಕೇಳಿದಳು, ಎಷ್ಟು ಸಾಲು?

ಟೇಪು ಜೇಬಿನಲ್ಲೇ ಇತ್ತು.
ನಾನು ಎಣಿಸಿರಲಿಲ್ಲ.