ಚುಕ್ಕೆಯಿಟ್ಟ ಕಾಯಿ

ಸಾಯಲಿಯ ಕಾಲು ಮುರಿದು ಇಪ್ಪತ್ತು ದಿನ.
ಪ್ಲಾಸ್ಟರಿನ ಮೇಲೆ ಗೆಳತಿಯರ ಹೆಸರು,
ಒಂದು ಬಂಗುಡೆ, ಅದಕ್ಕೆ ಉದ್ದ ರೆಪ್ಪೆ.
ಬೈತಖೋಲದ ಈ ಅಡುಗೆಮನೆಯೇ ಈಗ ಶಾಲೆ.
ಬಿ.ಎಸ್ಸಿ. ಎರಡನೇ ವರ್ಷಕ್ಕೆ ಬಿಟ್ಟ ನಾನೇ
ಅಕ್ಕೋರು.

ಇವತ್ತು ಉಬ್ಬರವಿಳಿತ.
ಚಂದ್ರನಿಗೆ ಲಿಂಬೆಹಣ್ಣು ಸಿಕ್ಕಿತು.
ಭೂಮಿಗೆಂದು ಮೂಲೆಯ ತೆಂಗಿನಕಾಯಿ ತಂದು
ಅವಳದೇ ನೇಲ್‌ಪಾಲಿಶಿನಿಂದ
ಕೆಂಪು ಚುಕ್ಕೆಯಿಟ್ಟೆ: ಇದು ಕಾರವಾರ.

'ಚಂದ್ರನ ಕಡೆ ನೀರು ಉಬ್ಬಿತು, ಸರಿ.
ಆಚೆ ಬದಿಗೂ ಉಬ್ಬಿದೆಯಲ್ಲ ಆಯಿ,
ಅಲ್ಲಿ ಯಾರು ಎಳೀತಾರೆ?'

'ಪುಸ್ತಕದಲ್ಲಿ ಹಾಗಿದೆ' ಅಂದೆ.
ಅಂದಮೇಲೆ ನನಗೇ ಕೇಳಿಸಿತು:
'ಹಿರಿಯರು ಹೇಳಿದ್ದು' ಅನ್ನುವಾಗ ಅತ್ತೆಯದು ಇದೇ ದನಿ,
ಇದೇ ಬಾಗಿಲು ಹಾಕಿದ ಸದ್ದು.

ಅಷ್ಟರಲ್ಲಿ ಅತ್ತೆಯೇ ಬಂದರು.
'ಅಯ್ಯೋ, ನೂಲಹುಣ್ಣಿಮೆಗೆ
ಸಮುದ್ರಕ್ಕೆ ಕೊಡುವ ಕಾಯಿ ಅದು!'
'ಅಜ್ಜೀ, ನೀರು ಯಾಕೆ ಏರ್ತದೆ?'
'ಅವ ಉಸಿರಾಡೋದು ಬೇಡ್ವಾ ಮಗಾ?'

ತಪ್ಪು ಅನ್ನಲು ಬಾಯಿ ತೆರೆದಿದ್ದೆ.
ಅತ್ತೆ ಆಗಲೇ ಹೆಬ್ಬೆರಳಿನಿಂದ
ಬೆರಳ ಗೆಣ್ಣು ಎಣಿಸತೊಡಗಿದ್ದರು.
ತಿಥಿಗೆ ಎರಡು ಗಳಿಗೆ ತಡವಾಗಿ ಬರ್ತದೆ ನೀರು,
ಹುಣ್ಣಿಮೆಗೆ ಊಟಕ್ಕೆ ಮೊದಲೇ ತುಂಬ್ತದೆ.

ಎರಡು ಗಳಿಗೆ ಅಂದರೆ ನಲವತ್ತೆಂಟು ನಿಮಿಷ.
ಪುಸ್ತಕ ಹೇಳುವುದು ಐವತ್ತು.
ನಲವತ್ತು ವರ್ಷ ಮೀನುಬುಟ್ಟಿ ಹೊತ್ತು
ಅಳಿವೆ ದಾಟಿದ ಲೆಕ್ಕ ಅವರದು;
ತಪ್ಪಿದ ದಿನ ಸೊಂಟಮಟ್ಟ ನೀರು.
ನನ್ನ ಲೆಕ್ಕ ತಪ್ಪಿದರೆ
ಬರೀ ಮಾರ್ಕು ಹೋಗುತ್ತಿತ್ತು.

ರಾತ್ರಿ ಹಳೆಯ ಪುಸ್ತಕ ತೆರೆದು ಕೂತೆ.
ಹತ್ತಿರದ್ದನ್ನು ಹೆಚ್ಚು ಸೆಳೆಯುತ್ತಾನಂತೆ ಚಂದ್ರ,
ದೂರದ್ದನ್ನು ಕಡಿಮೆ;
ಹಿಂದೆ ಉಳಿದ ನೀರೇ ಆ ಬದಿಯ ಉಬ್ಬು.
ಹಿಂದೆ ಉಳಿದದ್ದು ಉಬ್ಬುವುದು ಹೇಗೆ?
ಬೆಳಿಗ್ಗೆ ಮಗಳಿಗೆ ಹೇಳಿದೆ:
ಅರ್ಧ ಗೊತ್ತಾಯಿತು, ಇನ್ನರ್ಧ ಗೊತ್ತಾಗಿಲ್ಲ.
ಅವಳು ಅದನ್ನೂ ನೋಟಿನಲ್ಲಿ ಬರೆದುಕೊಂಡಳು,
ದಿನಾಂಕದ ಸಮೇತ.

ಹುಣ್ಣಿಮೆಯ ದಿನ ಕಾಕಾನ ಹೆಗಲೇರಿ ಧಕ್ಕೆಗೆ ಬಂದಳು.
ಹನ್ನೊಂದೂವರೆಗೆ ಆರನೇ ಮೆಟ್ಟಿಲು ಮುಳುಗ್ತದೆ ಎಂದಿದ್ದಳು;
ಅಜ್ಜಿಯ ಗೆಣ್ಣು, ನನ್ನ ಪುಸ್ತಕ
ಎರಡನ್ನೂ ಕೂಡಿಸಿ ಹಾಕಿದ ಲೆಕ್ಕ.
ನೀರು ಐದಕ್ಕೇ ನಿಂತಿತು.
'ಗಾಳಿ' ಅಂದರು ಅತ್ತೆ.
'ಗಾಳಿ' ಅಂದೆ ನಾನೂ.

ಕಾಯಿ ಬದಲಿಸಿರಲಿಲ್ಲ ಅವರು.
ಕಾರವಾರದ ಪಕ್ಕದಲ್ಲೇ ಕುಂಕುಮ ಹಚ್ಚಿ
ಎರಡೂ ಕೈಯಲ್ಲಿ ಹಿಡಿದು, ಬಾಗಿ,
ಎಸೆಯದೆ, ಇಳಿಬಿಟ್ಟರು.
ಅವರ ಮಗ ಆ ಸಂಜೆಯೇ ಬೋಟು ಹತ್ತುವವನು.
ನಾನು ಕೈಮುಗಿದೆ.
ಯಾರಿಗೆ ಅಂತ ಸಾಯಲಿ ಕೇಳಲಿಲ್ಲ,
ಕೇಳಿದ್ದರೆ ಅದೂ ಅರ್ಧವೇ ಗೊತ್ತಿತ್ತು.

ಕಾಯಿ ಹೊರಳುತ್ತ ಹೋಯಿತು,
ಒಂದು ಕೆಂಪು ಮೇಲೆ, ಒಂದು ಕೆಂಪು ನೀರೊಳಗೆ.
'ಆಯಿ, ಈಗ ಕಾರವಾರ ಯಾವುದು?'
ಅಷ್ಟು ದೂರದಿಂದ
ನನಗೂ ಕಾಣಲಿಲ್ಲ.