ಮೂವತ್ತೊಂಬತ್ತು ಪ್ರಶ್ನೆ

ಕ್ಲೈಪೆಡಾ ಬಂದರಿನ ಮೀನಿನ ಕಾರ್ಖಾನೆ.
ನನ್ನ ಬಗಲಲ್ಲಿ ನಮೂನೆಗಳ ಕಟ್ಟು,
ಮೂವತ್ತೊಂಬತ್ತು ಪ್ರಶ್ನೆ, ಒಂದೊಂದಕ್ಕೂ ಐದು ಚೌಕ:
ಎಂದೂ ಇಲ್ಲ, ಅಪರೂಪಕ್ಕೆ, ಆಗಾಗ, ಬಹಳ ಸಲ, ಯಾವಾಗಲೂ.
ದಿನಕ್ಕೆ ಹನ್ನೊಂದು ಜನರನ್ನು ಕೇಳಿ ಮುಗಿಸಬೇಕು.
ನನಗೂ ಲೆಕ್ಕವಿದೆ.

ಬಿರುತೆ ರಬ್ಬರಿನ ಏಪ್ರನ್ ಬಿಚ್ಚದೆಯೇ ಕೂತಳು.
ನಾಲ್ಕನೆಯದು ಓದಿದೆ:
ಕೆಲಸದ ವೇಗ ನಿಮ್ಮ ಕೈಯಲ್ಲಿದೆಯೇ?
ಕೈಗವಸು ಕಳಚಿ ಎರಡೂ ಅಂಗೈ ಮೇಜಿನ ಮೇಲಿಟ್ಟಳು,
ಉಪ್ಪುನೀರಿಗೆ ಬಿರಿದ ಗೆರೆ, ಹೆಬ್ಬೆರಳ ಬುಡದಲ್ಲಿ ಹಳೆಯ ಹೊಲಿಗೆ.
"ನೀನೇ ನೋಡು, ಇದೆಯಾ?"

ನಿಮಿಷಕ್ಕೆ ಮೂವತ್ತೆರಡು ಹೆರಿಂಗ್ ಮೀನು.
ಮೊನ್ನೆ ಮೂವತ್ತನಾಲ್ಕಾಯಿತು. ಯಾರೂ ಹೇಳಲಿಲ್ಲ,
ಮೊದಲು ಗೊತ್ತಾದದ್ದು ಮೊಣಕೈಗಂತೆ.

ಮಹಡಿಯ ಮೇಲೆ ಹೀಟರಿನ ಬಿಸಿ, ಕಿಟಕಿಯಲ್ಲೊಂದು ಜೆರೇನಿಯಂ ಕುಂಡ.
ಸಂಬಳದ ಗುಮಾಸ್ತ ವೈದೋತಾಸ್
ಎಲ್ಲದಕ್ಕೂ 'ಅಪರೂಪಕ್ಕೆ' ಎಂದು ಗುರುತು ಹಾಕುತ್ತ ಇಳಿದ,
ಸ್ಕೇಲಿಟ್ಟು ಗೀಟೆಳೆದ ಹಾಗೆ.
ಹತ್ತೊಂಬತ್ತರಲ್ಲಿ ಪೆನ್ನು ನಿಂತಿತು.
ಮೇಲಧಿಕಾರಿ ಎಲ್ಲರೆದುರು ಬೈದಾಗ ಏನು ಮಾಡುತ್ತೀರಿ?
"ಹೊಟ್ಟೆಗೆ ಹಾಕಿಕೊಳ್ಳುತ್ತೇನೆ."
ಡ್ರಾಯರ್ ಎಳೆದು ತೋರಿಸಿದ: ಸುಣ್ಣದ ತಿಳಿಯಂಥ ಔಷಧ, ಅರ್ಧ ಬಾಟಲಿ.
"ಹುಣ್ಣಾಗಿದೆ. ಅದಕ್ಕೊಂದು ಚೌಕ ಇದೆಯಾ?"

ಅವನ ಪರದೆಯ ಮೇಲೆ ಕೆಳಗಿನವರ ಹೆಸರು,
ಎದುರಿಗೆ, ಪಾಯಿಖಾನೆಯಲ್ಲಿ ಕಳೆದ ನಿಮಿಷ.
ಬಿರುತೆ: ಏಳು. ಕೆಂಪಕ್ಷರ.

"ಆ ಎರಡು ಮೀನು ಹೆಚ್ಚಿಸಿದ್ದು ನೀವಾ?"
ಕೇಳಬಾರದಿತ್ತು. ನಮೂನೆಯಲ್ಲಿ ಇಲ್ಲ ಅದು.
"ನಾನು ಬರೀ ಗುಂಡಿ ಒತ್ತುವವನು. ಸಂಖ್ಯೆ ಮೇಲಿನಿಂದ ಬರುತ್ತೆ."
ಮೇಲೆ ನೋಡಿದೆ.
ತಗಡಿನ ಮಾಡು, ಅದರ ಮೇಲೆ ಕಡಲಹಕ್ಕಿಗಳ ಕಾಲ ಸಪ್ಪಳ.

ಬಾಗಿಲ ತನಕ ಬಂದು ದನಿ ತಗ್ಗಿಸಿದ:
"ಒಮ್ಮೊಮ್ಮೆ, ಯಾರೂ ಇಲ್ಲದಾಗ, ಏಳನ್ನು ಐದು ಮಾಡುತ್ತೇನೆ.
ಆ ರಾತ್ರಿ ನಿದ್ದೆ ಹತ್ತೋದಿಲ್ಲ."
ಬರೆದುಕೊಳ್ಳಲೇ ಎಂದೆ.
ತಲೆ ಅಲ್ಲಾಡಿಸಿದ. ಹೌದೆಂದೋ, ಬೇಡವೆಂದೋ.

ಬಸ್ ನಿಲ್ದಾಣದಲ್ಲಿ ಹಿಮ ಬೆರೆತ ಹನಿ.
ಬಿರುತೆ ಪಕ್ಕದಲ್ಲಿ ಕೂತಿದ್ದಳು, ಮಾತಿಲ್ಲ,
ಬೆರಳು ಮಾತ್ರ ಮಡಿಲಿನ ಚೀಲದ ಅಂಚನ್ನು ಬಿಡಿಸುತ್ತಿದ್ದವು,
ಮುಳ್ಳು ತೆಗೆಯುವ ಹಾಗೆ, ಒಂದು, ಮತ್ತೊಂದು.
ಚೀಲದಿಂದ ಕಪ್ಪು ರೊಟ್ಟಿ ಮುರಿದು ಕೊಟ್ಟಳು.
ಮೀನು ನಾರುತ್ತಿತ್ತು. ತಿಂದೆ.

"ಇವತ್ತು ಎಷ್ಟು ಜನ ಆದರು?"
"ಒಂಬತ್ತು."
"ಹನ್ನೊಂದಾಗದಿದ್ದರೆ ಬೈತಾರಾ?"
ಐದರಲ್ಲಿ ಯಾವ ಚೌಕ ಎಂದು
ಯೋಚಿಸುವಷ್ಟರಲ್ಲಿ ಬಸ್ಸು ಬಂತು.