ನೂರು ಗುಣಿಸು ನೂರು

ನೂರು ಗುಣಿಸು ನೂರು ಮನೆಗಳ ಚೌಕ.
ಇಷ್ಟೇ ಶ್ವಾಸಕೋಶ, ನನ್ನ ಯಂತ್ರದಲ್ಲಿ.
ನಡುವೆ ಒಂದು ಕೆಂಪು ಚುಕ್ಕೆ ಇಡುತ್ತೇನೆ,
ಕ್ಷಯದ ಒಂದೇ ಒಂದು ಕಣ.
ಅಂಚಿನಿಂದ ಹಸಿರು ಚುಕ್ಕೆಗಳು ಹೊರಡುತ್ತವೆ,
ಹತ್ತು ನಿಮಿಷಕ್ಕೊಂದು ಹೆಜ್ಜೆ,
ಮೂಸುತ್ತ, ಎಡವುತ್ತ, ಕತ್ತಲಲ್ಲಿ
ಬಿದ್ದ ಚಾವಿ ಹುಡುಕುವವರಂತೆ.

ನುಂಗುತ್ತವೆ. ಕೆಲವು ಅರಗಿಸಿಕೊಳ್ಳುತ್ತವೆ.
ಕೆಲವು ನುಂಗಿದ್ದನ್ನೇ ಹೊಟ್ಟೆಯಲ್ಲಿ ಸಾಕಿ
ಬಿರಿದು ಸಾಯುತ್ತವೆ.
ಉಳಿದವು ಸುತ್ತ ಕೂತು
ಭುಜಕ್ಕೆ ಭುಜ ಕೊಟ್ಟು ಗೋಡೆಯಾಗುತ್ತವೆ.
ಒಳಗೆ ಅದು ಸಾಯುವುದಿಲ್ಲ, ನಿದ್ದೆ ಹೋಗುತ್ತದೆ.
ಬೂದಿ ಮುಚ್ಚಿದ ಕೆಂಡ ಎನ್ನಬಹುದಿತ್ತು;
ಕೆಂಡಕ್ಕೆ ಕಾಯುವುದು ಗೊತ್ತಿಲ್ಲ.
ಇದಕ್ಕೆ ಗೊತ್ತು.

ಅದೇ ಅಂಕಿ, ಅದೇ ನಿಯಮ, ಐನೂರು ಸಲ ಓಡಿಸಿದೆ.
ಬದಲಾದದ್ದು ದಾಳ ಬಿದ್ದ ಬಗೆ ಮಾತ್ರ.
ಮೂವತ್ತೊಂದು ಸಲ ಗೋಡೆ ಒಡೆಯಿತು.
ಮತ್ತೊಮ್ಮೆ ಓಡಿಸುವಾಗ, ಇನ್ನೂರ ಹನ್ನೊಂದನೆಯ ದಿನಕ್ಕೆ,
ಕೇಪ್‌ಟೌನಿನ ಈ ಬದಿಯ ಸರದಿ: ಕರೆಂಟು ಹೋಯಿತು.
ಬ್ಯಾಟರಿ ಕೀ ಕೀ ಎಂದು ಸುಮ್ಮನಾಯಿತು.
ಶ್ವಾಸಕೋಶಗಳೆಲ್ಲ ಅರ್ಧ ಉಸಿರಿನಲ್ಲಿ ನಿಂತವು.

ತೆಫೊ ರಾಮೈಲಿ, ನನ್ನ ಪಟ್ಟಿಯ ನಲವತ್ತೊಂದನೆಯ ಸಾಲು.
ಲೆಸೊಥೊದ ಮಾಫೆಟೆಂಗಿನವ. ವೆಲ್‌ಕಮ್ಮಿನ ಚಿನ್ನದ ಗಣಿಯಲ್ಲಿ
ಇಪ್ಪತ್ತೆರಡು ವರ್ಷ ಕಲ್ಲು ಕೊರೆದವ.
ಈಗ ತಂಗಿಯ ಗಂಡನ ತಗಡಿನ ಷೆಡ್ಡಿನಲ್ಲಿ ವಾಸ.
ಮುಚ್ಚಳದ ಡಬ್ಬಿಯಲ್ಲಿ ಕಫ ತಂದು ಮೇಜಿನ ಮೇಲಿಡುತ್ತಾನೆ,
ಕರವಸ್ತ್ರ ಹೊದಿಸಿ,
ಬೀಗರ ಮನೆಗೆ ತಂದ ತಿಂಡಿಯಂತೆ.

"ಔಸಿ, ಹಾಸ್ಟೆಲಿನ ಒಂದು ಕೋಣೆಗೆ ಹದಿನಾರು ಮಂದಿ, ಸಿಮೆಂಟಿನ ಮಂಚ.
ನನ್ನ ಮೇಲಿನ ಮಂಚದವ ಇವತ್ತಿಗೂ ಗಟ್ಟಿ.
ಒಂದೇ ಗಾಳಿ ಕುಡಿದೆವು. ನನಗೇ ಏಕೆ?"
ದಾಳ ಎನ್ನಲೆ? ಸೆಸೊಥೊದಲ್ಲಿ
ಆ ಮಾತಿಗೆ ನನ್ನ ಬಾಯಿ ತೆರೆಯಲಿಲ್ಲ.
ಪರದೆಯನ್ನು ಅವನತ್ತ ತಿರುಗಿಸಿದೆ.

ನೋಡಿದ, ಬಹಳ ಹೊತ್ತು. ಮಾಸ್ಕಿನೊಳಗೇ ಕೆಮ್ಮಿದ. ನೋಡಿದ.
ಒಡೆದ ಗೋಡೆಗೆ ಬೆರಳಿಟ್ಟ:
"ಇಲ್ಲಿ ಕಾವಲು ಸಾಲದೆ ಹೋಯಿತೆಂದು ತಾನೆ ನಿನ್ನ ಲೆಕ್ಕ?
ನೆಲದಡಿ ಎರಡು ಕಿಲೋಮೀಟರಿನಲ್ಲಿ
ನಾವು ಸೂರಿಗೆ ಊರೆಗಂಬ ಕೊಡುತ್ತಿದ್ದೆವು.
ಕುಸಿದದ್ದು ಕಂಬ ಸೊರಗಿದಲ್ಲಿ ಮಾತ್ರವಲ್ಲ,
ಬಿಗಿದು ಬಿಗಿದು ಬಗ್ಗಲಾರದೆ ನಿಂತ ಕಡೆಯೂ.
ಒಳ್ಳೆಯ ಕಂಬ ಕಿರುಗುಟ್ಟುತ್ತದೆ.
ಕಿರುಗುಟ್ಟದ್ದರ ಕೆಳಗೆ ನಾವು ಊಟಕ್ಕೆ ಕೂರುತ್ತಿರಲಿಲ್ಲ."

ಆ ರಾತ್ರಿ ಕರೆಂಟು ಬಂದ ಮೇಲೆ
ಉರಿ ಎಬ್ಬಿಸುವ ಅಣುವಿನ ಅಂಕಿ ಹುಡುಕಿದೆ.
ಬೇಲಿಯೇ ಹೊಲ ಮೇಯುತ್ತಿತ್ತು, ನಿಜ;
ಬೇಲಿ ಕಿತ್ತರೆ ಹೊಲವೂ ಇಲ್ಲ.
ಕಾಲು ಭಾಗ ಇಳಿಸಿದೆ. ಅದೇ ಐನೂರು ದಾಳ.
ಹತ್ತೊಂಬತ್ತು ಒಡೆದವು.
ಅವುಗಳಲ್ಲಿ ಮೂರು ಮೊದಲು ಗಟ್ಟಿಯಾಗಿದ್ದವು.

ಆ ಮೂರನ್ನೇ ಮತ್ತೆ ಮತ್ತೆ ಓಡಿಸುತ್ತಿದ್ದೇನೆ.
ಹೊಸ ಚರಕ್ಕೆ ಹೆಸರು ಕೇಳಿತು ಯಂತ್ರ.
ಕಿರುಗು, ಎಂದು ಬರೆದೆ.
ಏಕಮಾನದ ಜಾಗ ಖಾಲಿ ಬಿಟ್ಟಿದ್ದೇನೆ.